ಒಂದೂ ಕೆಂಪು ಗೆರೆಯಿಲ್ಲ

“ನಿಮ್ಮ ಸ್ಕ್ರೀನ್ ತುಂಬಾ ಬರೀ ಕೆಂಪು ಗೆರೆ! ಪಕ್ಕದಲ್ಲಿ ಲೋಹಿತ್ ಸ್ಕ್ರೀನ್ ನೋಡಿ, ಒಂದಾದ್ರೂ ಇದ್ಯಾ?” ಮ್ಯಾನೇಜರ್ ಇಡೀ ಆಫೀಸಿಗೆ ಕೇಳುವಂತೆ ಅವಳ ಮೇಲೆ ಕೂಗಾಡಿದ.

“ಅಂಕಿ ಇರಬೇಕಾದಲ್ಲಿ ಅಕ್ಷರ ಬಿದ್ರೂ ನಾವು ಪ್ರೋಗ್ರಾಂ ಬರೆಯೋ ಎಡಿಟರ್ ತಾನಾಗೇ ಕೆಂಪು ಗೆರೆ ಎಳೆಯತ್ತೆ ಸರ್. ಇದು ರೋಗಿಗೆ ಔಷಧ ಹರಿಸೋ ಪಂಪಿನ ಪ್ರೋಗ್ರಾಂ. ತಿದ್ದದೆ ಕೊಡಕ್ಕಾಗಲ್ಲ,” ಎಂದಳು ಅವಳು.

“ತಪ್ಪು ಮಾಡೋರಿಗೆ ತಾನೇ ತಿದ್ದೋ ಕೆಲಸ? ಲೋಹಿತ್ ಬರೆದಿದ್ದೇ ಇವತ್ತು ಆಸ್ಪತ್ರೆಗೆ ಹೋಗತ್ತೆ. ನೀವು ನಾಳೆಯಿಂದ ಬರೋದೇ ಬೇಡ.”

ಲೋಹಿತ್ ಮುಸಿಮುಸಿ ನಕ್ಕ.

ಅವಳು ಎದ್ದುಹೋಗಿ ಅವನ ಕೀಬೋರ್ಡನ್ನು ತನ್ನತ್ತ ಎಳೆದುಕೊಂಡಳು. ಔಷಧದ ಪ್ರಮಾಣವನ್ನು ಅಂಕಿಯಲ್ಲಿ ಬರೆಯಬೇಕಾದ ಜಾಗದಲ್ಲಿ ‘ನಿಮ್ಮ ತಲೆ’ ಎಂದು ಟೈಪ್ ಮಾಡಿದಳು.

ಕೆಂಪು ಗೆರೆ ಬರಲಿಲ್ಲ.