ವರದಿಯ ಕೊನೆಯ ಸಾಲು

ಅರಬ್ ದೇಶಗಳ ರಾಜಕೀಯವನ್ನು ಜೀವಮಾನವಿಡೀ ಅರೆದು ಕುಡಿದಿದ್ದ ದತ್ತಾತ್ರಿಯವರ ವರದಿಗಳಿಗೆ ದೆಹಲಿಯಲ್ಲಿ ಬಲು ಬೆಲೆ. ಅಲ್ಲಿ ಯುದ್ಧವೇ ಆಗಲಿ, ಸಂಧಾನವೇ ಆಗಲಿ, ದೊರೆ ಪಟ್ಟಕ್ಕೇರಲಿ, ಇಳಿಯಲಿ, ಅವರ ವರದಿಯ ಕೊನೆಯ ಸಾಲು ಮಾತ್ರ ಬದಲಾದದ್ದಿಲ್ಲ: "ಮುಂದಿನ ಆರು ತಿಂಗಳು ನಿರ್ಣಾಯಕ." ಮಂತ್ರಿಗಳು ಆ ಸಾಲಿನ ಕೆಳಗೆ ಗೆರೆ ಎಳೆಯುತ್ತಿದ್ದರು, ಟಿ.ವಿ.ಯವರು ಅದನ್ನೇ ದಪ್ಪ ಅಕ್ಷರದಲ್ಲಿ ತೋರಿಸುತ್ತಿದ್ದರು.

ನಿವೃತ್ತರಾದ ಮೇಲೆ ಅವರ ಶ್ವಾಸಕೋಶದಲ್ಲೊಂದು ಕಲೆ ಕಾಣಿಸಿಕೊಂಡಿತು. ಹೆಸರುವಾಸಿ ಡಾಕ್ಟರೊಬ್ಬರು ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದರು, ತಿರುಗಿಸಿ ನೋಡಿದರು, ಕನ್ನಡಕ ತೆಗೆದು ಒರೆಸಿಕೊಂಡರು.

"ಇದ್ದದ್ದು ಇದ್ದ ಹಾಗೆ ಹೇಳ್ಬಿಡಿ ಡಾಕ್ಟ್ರೇ, ತಡ್ಕೋತೀನಿ," ಎಂದರು ದತ್ತಾತ್ರಿ.

ಡಾಕ್ಟರು ಗಂಭೀರವಾಗಿ ತಲೆಯಾಡಿಸಿದರು. "ನೋಡಿ ಸಾರ್, ಮುಂದಿನ ಆರು ತಿಂಗಳು ನಿರ್ಣಾಯಕ."

ಜೊತೆಗೆ ಬಂದಿದ್ದ ಹೆಂಡತಿ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಅಳತೊಡಗಿದರು. ದತ್ತಾತ್ರಿಯವರ ಮುಖ ಮಾತ್ರ ಎಷ್ಟೋ ದಿನಗಳ ಮೇಲೆ ಅರಳಿತು.

ಹೊರಗೆ ಬಂದ ಮೇಲೆ ಹೆಂಡತಿ ಕೇಳಿದರು, "ಅವರು ಹಂಗಂದ್ರೂ ನಗ್ತಿದ್ದೀರಲ್ರೀ?"

"ಅಳ್ಬೇಡ ಕಣೇ. ಪಾಪ, ಆ ಮನುಷ್ಯನಿಗೂ ಏನೂ ಗೊತ್ತಾಗಿಲ್ಲ."