ಕದ್ದ ಕಡ್ಡಿ

ಸೇವಂತಿಗೆ ಕಡ್ಡಿ ಮುರಿದ ಸದ್ದಿಗೆ ತಮ್ಮೇಗೌಡ ಕಾಫಿ ಕಣದಿಂದ ತಲೆಯೆತ್ತಿದ. ಹಿತ್ತಲಲ್ಲಿ ಪಕ್ಕದ ಮನೆಯ ಪಂಕಜಾಕ್ಷಿ ನಿಂತಿದ್ದಳು. ದೀಪಾವಳಿಗೆ ಮುಂಚೆ ತೀರಿಕೊಂಡ ಅವನ ಹೆಂಡತಿ ರತ್ನಿ ನೆಟ್ಟಿದ್ದ ಗಿಡಗಳು ಪುಷ್ಯದ ಚಳಿಯಲ್ಲೂ ಮೈತುಂಬ ಹೂ ಬಿಟ್ಟಿದ್ದವು.

"ಎಷ್ಟ್ ಬೇಕೋ ಅಷ್ಟ್ ಕಿತ್ಕಳವ್ವ. ಇನ್ಯಾರಿಗೈತೆ ಅದು," ಅಂದ.

ಪಂಕಜಾಕ್ಷಿಯ ಕಣ್ಣು ತುಂಬಿತು. "ಕೊಟ್ಟ ಕಡ್ಡಿ ಚಿಗುರಲ್ಲ ಕಣಣ್ಣ. ನಾನೂ ರತ್ನಕ್ಕನೂ ಯಾವತ್ತೂ ಕದ್ದೇ ನೆಟ್ಟಿದ್ದು."

ಅದು ಅವನಿಗೂ ಗೊತ್ತಿತ್ತು. ಪ್ರತಿ ವರ್ಷ ಇವಳು ಕಡ್ಡಿ ಮುರಿಯುವಾಗ ರತ್ನಿ ಅಡುಗೆಮನೆಯಿಂದ, "ಯಾರ್ರೀ ಹಿತ್ತಲಲ್ಲಿ?" ಎಂದು ನಗು ತಡೆದುಕೊಂಡು ಕೂಗುತ್ತಿದ್ದಳು. ಅವನು ಪ್ರತಿ ವರ್ಷವೂ ಅದೇ ಸುಳ್ಳು ಹೇಳುತ್ತಿದ್ದ.

ತಮ್ಮೇಗೌಡ ಪಂಕಜಾಕ್ಷಿಗೆ ಬೆನ್ನು ತಿರುಗಿಸಿ ಕೂತ. ಅಡುಗೆಮನೆಯಿಂದ ಯಾರೂ ಕೂಗಲಿಲ್ಲ. ಆದರೂ ಅತ್ತ ಮುಖಮಾಡಿ ಹೇಳಿದ:

"ಯಾರೂ ಇಲ್ಲ ಕಣೇ."