ಜೇಬಿನಲ್ಲಿದ್ದ ಕೀ

“ಫೇಲ್,” ಎಂದಳು ಮಗಳು.

ಬಸ್ಸಿನ ಹಿಂಬದಿಯಲ್ಲಿ ಇಂಜಿನ್ನಿನೊಳಗೆ ತಲೆ ತೂರಿಸಿಕೊಂಡಿದ್ದ ಅಪ್ಪ ಗಡಬಡಿಸಿ ಎದ್ದ. ಮೇಲಿನ ತಗಡು ನೆತ್ತಿಗೆ ಟಣ್ಣನೆ ಬಡಿಯಿತು. “ಅಯ್ಯೋ! ಇನ್ನೂ ಸ್ಪ್ಯಾನರ್ರೇ ಹಿಡಿದಿಲ್ಲ, ಆಗ್ಲೇ ಫೇಲಾ ಮೇಡಂ?”

ಮಗಳು ಬಸ್ಸಿನ ಮುಂಭಾಗಕ್ಕೆ ಕೈ ತೋರಿಸಿದಳು. ಸ್ಟೀರಿಂಗ್ ಪಕ್ಕದಲ್ಲಿ ಕೀ ನೇತಾಡುತ್ತಿತ್ತು. “ಕೀ ತೆಗೆದು ಜೇಬಿಗೆ ಹಾಕ್ಕೊಂಡ ಮೇಲೇನೇ ಇಂಜಿನ್ ಮುಟ್ಟಬೇಕು. ಮೊದಲನೇ ಪಾಠ. ನೀವು ಹಿಂದೆ ಇರೋದು ಮುಂದೆ ಹತ್ತೋರಿಗೆ ಕಾಣಲ್ಲ. ಯಾರಾದ್ರೂ ಬಂದು ಸ್ಟಾರ್ಟ್ ಮಾಡಿದ್ರೆ ಬೆಲ್ಟಿನ ಜೊತೆ ನಿಮ್ಮ ಬೆರಳೂ ಸುತ್ಕೊಂಡು ಹೋಗುತ್ತೆ.”

ಹೋದ ಸಲವೂ ಅದೇ ತಪ್ಪು. ಪಾಪ, ಅವನಾದರೂ ಏನು ಮಾಡಿಯಾನು? ತಲೆ ನರೆಯುವವರೆಗೆ ಬಸ್ಸು ಓಡಿಸಿದ ಮನುಷ್ಯ. ಬಸ್ಸು ನಿಲ್ಲಿಸಿದರೆ ಕೀ ಅಲ್ಲೇ ಬಿಡಬೇಕು, ಮುಂದಿನ ಪಾಳಿಯವನಿಗೆ ಬೇಕಲ್ಲ. ಕೀ ಜೇಬಿಗಿಳಿಸಿಕೊಂಡು ಮನೆಗೆ ಹೋದ ಡ್ರೈವರನ ಮಾನ ಡಿಪೋದಲ್ಲಿ ಮಾರನೇ ದಿನವೇ ಹರಾಜಾಗುತ್ತಿತ್ತು. ಈಗ ದೂರದ್ದು ಕಣ್ಣಿಗೆ ಮಂಜು ಮಂಜಾಗಿ ಕಾಣತೊಡಗಿ ಸ್ಟೀರಿಂಗ್ ಕೈತಪ್ಪಿತ್ತು. ಡೀಸೆಲ್ ಮೆಕ್ಯಾನಿಕ್ ತರಬೇತಿ ಪಾಸು ಮಾಡಿದರೆ ವರ್ಕ್‌ಶಾಪಿನಲ್ಲಿ ಕೆಲಸ, ಇಲ್ಲವಾದರೆ ಮನೆಯಲ್ಲಿ ಕೂತಿರು ಎಂದಿದ್ದರು ಡಿಪೋದವರು. ಕಲಿಸುವವಳು ಹೆತ್ತ ಮಗಳೇ ಆದದ್ದು ಅವನ ಗ್ರಹಚಾರ. ಉಳಿದದ್ದು ಇನ್ನೊಂದೇ ಪರೀಕ್ಷೆ, ಮುಂದಿನ ವಾರ.

ಮನೆಯಲ್ಲಿ ಊಟಕ್ಕೆ ಕೂತಾಗ ಅಪ್ಪ ತಟ್ಟೆ ನೋಡುತ್ತಲೇ ಗೊಣಗಿದ: “ಬೇರೆ ಮೇಷ್ಟ್ರಾಗಿದ್ರೆ ಹೋಗ್ಲಿ ಪಾಪ ಅಂತ ಬಿಟ್ಟುಬಿಡೋರು.”

“ಬಿಡೋರು. ನೀನು ಅವ್ರಿಗೆ ಅಪ್ಪ ಅಲ್ವಲ್ಲ,” ಎಂದಳು ಮಗಳು.

ಅಪ್ಪ ತಟ್ಟೆ ಪಕ್ಕಕ್ಕೆ ಸರಿಸಿದ. ನೀರು ಕುಡಿದು, ಕೈ ತೊಳೆದು, ನೆಟ್ಟಗೆ ಬಾಗಿಲ ಹತ್ತಿರ ಹೋಗಿ ಬೀಗದ ಕೈ ಎಳೆದು ಜೇಬಿಗೆ ಹಾಕಿಕೊಂಡ.

“ಏನ್ರೀ ಅದು?” ಎಂದಳು ಅಮ್ಮ.

“ಅಭ್ಯಾಸ ಕಣೇ. ಈ ಸಲ ಪಾಸಾಗ್ಲಿಲ್ಲ ಅಂದ್ರೆ ನನ್ನ ಹೆಸರು ಬದಲಾಯಿಸು.”

ಅಲ್ಲಿಂದ ಶುರುವಾಯಿತು ನೋಡಿ ಮನೆಯವರ ಪಾಡು. ಕಣ್ಣಿಗೆ ಬಿದ್ದ ಕೀಗಳೆಲ್ಲ ಅಪ್ಪನ ಜೇಬು ಸೇರಿದವು. ಬೀರು ತೆಗೆಯಲಾಗದೆ ಅಮ್ಮ ಹೊರಗೆ ಒಣಗುತ್ತಿದ್ದ ಸೀರೆಯನ್ನೇ ಉಟ್ಟು ಮದುವೆಯೊಂದಕ್ಕೆ ಹೋಗಿಬಂದಳು. ಮಾತಾಡಲು ಬಂದ ಪಕ್ಕದ ಮನೆಯವನ ಸ್ಕೂಟರ್ ಕೀ ಕೂಡ ಮಾಯ. ಆತ ಬೀದಿಯೆಲ್ಲ ಹುಡುಕಿ ಬೆವರಿಳಿಸಿಕೊಂಡು ಬಂದು, “ಯಜಮಾನ್ರೇ, ನನ್ನ ಸ್ಕೂಟರಿಗೂ ನಿಮಗೂ ಏನು ಸಂಬಂಧ?” ಎಂದು ಕೂಗಾಡಿದ.

“ನಿಮಗೇನು ಅರಳುಮರಳಾ?” ಎಂದು ಅಮ್ಮ ಬೈದಳು. ಅಪ್ಪ ನಗಲಿಲ್ಲ, ರೇಗಲೂ ಇಲ್ಲ. “ತಲೆಗೆ ಗೊತ್ತಿದೆ ಕಣೇ. ಕೈಗೆ ಗೊತ್ತಾಗ್ಬೇಕು,” ಎಂದ. ಮಗಳು ಕೇಳಿಸಿಕೊಂಡೂ ಕೇಳಿಸದವಳಂತೆ ಒಳಗೆ ಹೋದಳು.

ಪರೀಕ್ಷೆಯ ದಿನ ಅದೇ ಬಸ್ಸು. ಇಂಜಿನ್ ವಿಪರೀತ ಬಿಸಿಯಾಗುತ್ತಿದೆ, ಯಾಕೆಂದು ಹುಡುಕಿ ಸರಿಮಾಡಬೇಕು. ಫ್ಯಾನ್ ಬೆಲ್ಟ್ ಸಡಿಲವಾಗಿದ್ದದ್ದನ್ನು ಅಪ್ಪ ಮುಟ್ಟಿದೊಡನೆ ಕಂಡುಹಿಡಿದ. ಬೋಲ್ಟು ಸಡಿಲಿಸಿ, ಬೆಲ್ಟು ಎಳೆದು, ಮತ್ತೆ ಬಿಗಿದು, ಕೈ ಒರೆಸಿಕೊಂಡು ಪಕ್ಕಕ್ಕೆ ಸರಿದ. “ನೋಡಿ ಮೇಡಂ.”

ಈ ಸಲವಾದರೂ ಪಾಸಾಗಲಪ್ಪ, ಪಾಸಾಗಲಿ ಎಂಬುದೊಂದೇ ಬೆಳಗಿನಿಂದ ಮಗಳ ಯೋಚನೆ. ಬಿಗಿ ಸಾಕಷ್ಟಿದೆಯೇ ಎಂದು ನೋಡುವ ಆತುರದಲ್ಲಿ ಸೀದಾ ಒಳಗೆ ಕೈಹಾಕಿ ಬೆಲ್ಟನ್ನು ಹೆಬ್ಬೆರಳಿನಿಂದ ಒತ್ತಿದಳು. ಬಿಗಿ ಸರಿಯಾಗಿತ್ತು.

ಅಷ್ಟರಲ್ಲಿ ಬಸ್ಸು ಒಂದಿಷ್ಟು ವಾಲಿತು. ಮುಂದೆ ಯಾರೋ ಹತ್ತಿದ್ದರು. ಡ್ರೈವರ್ ಸೀಟು ಕಿರ್ರೆಂದಿತು.

ಆಗ ಹೊಳೆಯಿತು ಅವಳಿಗೆ. ತಾನು ಮುಂದೆ ಹೋಗಿ ನೋಡಿರಲಿಲ್ಲ. ಕೀ ಎಲ್ಲಿದೆ ಎಂದು ಕೇಳಿಯೂ ಇರಲಿಲ್ಲ. ಬಂದವರಿಗೆಲ್ಲ ಬಾಯಿಪಾಠ ಮಾಡಿಸಿದ ಮೊದಲನೇ ಪಾಠವನ್ನು ತಾನೇ ಮರೆತಿದ್ದಳು. ಕೈ ಎಳೆದುಕೊಳ್ಳಬೇಕು ಅನ್ನಿಸಿತು. ಆದರೆ ಕೈ ಕೇಳಲಿಲ್ಲ, ಬೆರಳು ಬೆಲ್ಟಿನ ಮೇಲೆಯೇ ಉಳಿಯಿತು.

ಮುಂದಿನಿಂದ ಡ್ರೈವರೊಬ್ಬನ ದನಿ ಕೇಳಿಸಿತು. “ಯಾರ್ರೀ ಅದು ಕೀ ತಗೊಂಡಿರೋದು? ಈ ಬಸ್ಸನ್ನ ಆ ಕಡೆ ಹಾಕ್ಬೇಕು!”

ಅಪ್ಪ ಮಗಳ ತೋಳು ಹಿಡಿದು ಮೆಲ್ಲಗೆ ಹೊರಗೆಳೆದ, ಅಂಗೈ ತಿರುಗಿಸಿ ನೋಡಿದ. ಆಮೇಲೆ ಜೇಬಿಗೆ ಕೈಹಾಕಿ ಇದ್ದದ್ದನ್ನೆಲ್ಲ ಹೊರತೆಗೆದ. ಬೀರುವಿನದು, ಮತ್ತೆ ಜೇಬು ಸೇರಿದ್ದ ಸ್ಕೂಟರಿನದು, ಇನ್ನೂ ಯಾವ ಯಾವುದರದೋ. ಅವುಗಳ ನಡುವೆ ಬಸ್ಸಿನ ಕೀ.

“ಅಪ್ಪಾ...” ಎಂದಳು ಮಗಳು. ವರ್ಕ್‌ಶಾಪಿನೊಳಗೆ ಆ ಮಾತು ಅವಳ ಬಾಯಿಂದ ಬಂದದ್ದು ಅದೇ ಮೊದಲು.

ಅವನು ಕೀಗಳನ್ನು ಅವಳ ಮುಂದೆ ಹಿಡಿದು ಹೇಳಿದ: “ರಿಸಲ್ಟು ಬೇಗ ಹೇಳಿಬಿಡಿ ಮೇಡಂ. ಮನೆ ಬೀಗದ ಕೈನೂ ಇದರಲ್ಲೇ ಇದೆ. ನಿಮ್ಮಮ್ಮ ಬಾಗಿಲ ಹೊರಗೆ ನಿಂತಿರ್ತಾಳೆ.”